ಬಡತನ, ವಿದ್ಯೆ ‘ರಕ್ತದಲ್ಲೇ’ ಬರುತ್ತವೆಯೇ?

“ಓದು ಅವರ ರಕ್ತದಲ್ಲೇ ಇದೆ ಬಿಡಿ”, “ಆ ಮನೆತನಕ್ಕೆ ವಿದ್ಯೆ ಹತ್ತುವುದಿಲ್ಲ” – ಇಂಥ ಮಾತುಗಳನ್ನು ನಾವೆಲ್ಲ ಕೇಳಿಯೇ ಇರುತ್ತೇವೆ. ಹಿಂದೆ ಇದಕ್ಕೆ ‘ನೂಲಿನಂತೆ ಸೀರೆ’ ಎಂಬ ಗಾದೆಯ ಆಸರೆಯಿತ್ತು, ಈಗ ಡಿಎನ್‌ಎ ಹೆಸರು ಸೇರಿಕೊಂಡಿದೆ. ಹಾಗಾದರೆ ಕೆಲವರು ಮುಂದೆ ಬರುವುದು, ಕೆಲವರು ಹಿಂದುಳಿಯುವುದು ವಂಶವಾಹಿಗಳಿಂದಲೇ?

ಒಪ್ಪಬೇಕಾದದ್ದನ್ನು ಮೊದಲು ಒಪ್ಪೋಣ. ಕಲಿಕೆಯಲ್ಲಿ ವಂಶವಾಹಿಗಳ ಪಾತ್ರ ಇದೆ. ತದ್ರೂಪಿ ಅವಳಿಗಳು ಬುದ್ಧಿಮತ್ತೆ ಪರೀಕ್ಷೆಗಳಲ್ಲಿ ಬೇರೆ ಅವಳಿಗಳಿಗಿಂತ ಹೆಚ್ಚು ಹತ್ತಿರದ ಅಂಕ ಪಡೆಯುತ್ತಾರೆ. ಈ ಹೋಲಿಕೆಯಿಂದಲೇ ‘ಅನುವಂಶೀಯತೆ ಇಷ್ಟು ಶೇಕಡಾ’ ಎಂದು ಲೆಕ್ಕ ಹಾಕುವುದು. ಎಡವಟ್ಟಾಗುವುದು ಆ ಅಂಕಿಯನ್ನು ಓದುವಾಗ. 50% ಎಂದರೆ ನಮ್ಮ ಬುದ್ಧಿಯಲ್ಲಿ ಅರ್ಧ ಜೀನ್‌ನಿಂದ ಬಂತು ಎಂದಲ್ಲ. ಒಂದು ಗುಂಪಿನ ಜನರ ನಡುವಿನ ವ್ಯತ್ಯಾಸದಲ್ಲಿ ಅರ್ಧದಷ್ಟು ಅವರ ಜೀನ್‌ಗಳ ವ್ಯತ್ಯಾಸಕ್ಕೆ ತಾಳೆಯಾಗುತ್ತದೆ, ಅಷ್ಟೇ. ಜನ ಬದುಕುವ ಪರಿಸ್ಥಿತಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಎಷ್ಟರಮಟ್ಟಿಗೆ? 2003ರಲ್ಲಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು ಅಮೆರಿಕದ 7 ವರ್ಷದ ಅವಳಿ ಮಕ್ಕಳ ಐಕ್ಯೂ ಅಂಕಗಳನ್ನು ನೋಡಿದರು. ಅನುಕೂಲಸ್ಥ ಮನೆಗಳಲ್ಲಿ ಮಕ್ಕಳ ನಡುವಿನ ವ್ಯತ್ಯಾಸದ ಬಹುಪಾಲು ಜೀನ್‌ಗಳ ಲೆಕ್ಕಕ್ಕೆ ಬಂತು. ಕಡುಬಡವರ ಮನೆಗಳಲ್ಲಿ ಜೀನ್‌ಗಳ ಪಾಲು ಹತ್ತಿರಹತ್ತಿರ ಸೊನ್ನೆ! ಸುಮಾರು 60% ವ್ಯತ್ಯಾಸಕ್ಕೆ ಕಾರಣವಾದದ್ದು ಮನೆಯ ವಾತಾವರಣ. ಮುಂದೆ ಪಶ್ಚಿಮ ಯುರೋಪ್, ಆಸ್ಟ್ರೇಲಿಯಾಗಳ ಅಧ್ಯಯನಗಳಲ್ಲಿ ಇಂಥ ಅಂತರ ಕಾಣಲಿಲ್ಲ. ಅಲ್ಲಿ ಶಾಲೆ, ಆಸ್ಪತ್ರೆಗಳು ಬಡವರಿಗೂ ಹೆಚ್ಚು ಸಮನಾಗಿ ಸಿಗುವುದು ಇದಕ್ಕೆ ಕಾರಣವಿರಬಹುದು ಎಂಬ ಊಹೆ ಇದೆ. ನಮಗೆ ಅದು ನಂಬಲರ್ಹ ಎನಿಸುತ್ತದೆ.

ಇನ್ನೊಂದು ಪ್ರಯೋಗ ಐಸ್‌ಲ್ಯಾಂಡಿನದು, 2018ರದು. ಪ್ರತಿ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನಷ್ಟೇ ತಾಯಿ ಮಗುವಿಗೆ ದಾಟಿಸುತ್ತಾಳೆ, ತಂದೆಯೂ ಹಾಗೆಯೇ. ಉಳಿದರ್ಧ ಮಗುವಿನ ಮೈಯಲ್ಲಿ ಇರುವುದೇ ಇಲ್ಲ. ಆದರೂ ಆ ದಾಟದ ಅರ್ಧಕ್ಕೂ ಮಗುವಿನ ಓದಿಗೂ ನಂಟಿರುವುದು ಕಂಡುಬಂತು. ದಾಟಿ ಬಂದ ಜೀನ್‌ಗಳ ಪ್ರಭಾವದ ಸುಮಾರು 30%ರಷ್ಟು. ಮೈಯಲ್ಲಿ ಇಲ್ಲದ ಜೀನ್ ಕೆಲಸ ಮಾಡುವುದು ಹೇಗೆ? ಅಪ್ಪ ಅಮ್ಮನ ಮೂಲಕ, ಅಂದರೆ ಅವರು ಕಟ್ಟಿದ ಮನೆಯ ಮೂಲಕ. ನಾವು ‘ರಕ್ತ’ ಎಂದು ಕರೆಯುವುದರಲ್ಲಿ ಮನೆಯ ಪುಸ್ತಕ, ಪುರುಸೊತ್ತು, ಹಣ ಎಲ್ಲವೂ ಬೆರೆತಿರುತ್ತವೆ.

ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ಜೆಂಕ್ಸ್ 1972ರಲ್ಲೇ ಒಂದು ಕಲ್ಪನೆ ಮುಂದಿಟ್ಟಿದ್ದರು. ಕೆಂಗೂದಲಿನ ಮಕ್ಕಳನ್ನು ಶಾಲೆಗೆ ಸೇರಿಸದ ಒಂದು ದೇಶವಿದೆ ಎಂದುಕೊಳ್ಳಿ. ಅಲ್ಲಿ ಕೂದಲನ್ನು ಕೆಂಪಾಗಿಸುವ ಜೀನ್, ಲೆಕ್ಕದಲ್ಲಿ ‘ಅನಕ್ಷರತೆಯ ಜೀನ್’ ಆಗಿ ಕಾಣುತ್ತದೆ! ಕೂದಲಿನ ಬದಲು ಮೈಬಣ್ಣ ಎಂದು ಓದಿಕೊಂಡರೆ ಕಲ್ಪನೆ ನಮಗೇನೂ ದೂರದ್ದಲ್ಲ.

ಜಾತಿಗಳ ಡಿಎನ್‌ಎ ಬೇರೆಬೇರೆ ಅಲ್ಲವೇ ಎಂದು ಕೇಳುವವರಿದ್ದಾರೆ. ಸ್ವಲ್ಪ ವ್ಯತ್ಯಾಸ ಇರುವುದು ನಿಜ. ಆದರೆ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಭಾಗಿಯಾಗಿದ್ದ 2013ರ ಅಧ್ಯಯನದ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ವ್ಯಾಪಕವಾಗಿ ಬೆರೆತಿದ್ದರು. ಆಮೇಲೆ ಜಾತಿಯೊಳಗೇ ಮದುವೆ ಎಂಬ ಕಟ್ಟುಪಾಡು ಬಿಗಿಯಾಯಿತು. ಅಂದರೆ ಜೀನ್‌ಗಳು ಜಾತಿಯನ್ನು ಮಾಡಲಿಲ್ಲ, ಜಾತಿಯ ನಿಯಮ ಜೀನ್‌ಗಳಲ್ಲಿ ಗುರುತು ಬಿಟ್ಟಿತು. ಆ ಗುರುತು ಕೆಲವು ಸಮುದಾಯಗಳಲ್ಲಿ ಕಾಯಿಲೆಯ ರೂಪದಲ್ಲಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿಯನ್ನು ಕರಗಿಸಲಾಗದ ಕಿಣ್ವದ ಕೊರತೆ ವೈಶ್ಯ ಸಮುದಾಯದಲ್ಲಿ ಇತರರಿಗಿಂತ ಬಹಳ ಹೆಚ್ಚು.

ಡಿಎನ್‌ಎ ನೋಡಿ ಮಗು ಎಷ್ಟು ಓದುತ್ತದೆ ಎಂದು ಹೇಳಬಹುದೇ? 2022ರಲ್ಲಿ ಸುಮಾರು 30 ಲಕ್ಷ ಜನರ ಮಾಹಿತಿಯಿಂದ ತಯಾರಾದ ‘ಜೀನ್ ಅಂಕ’ ಶಿಕ್ಷಣದ ವರ್ಷಗಳಲ್ಲಿನ ವ್ಯತ್ಯಾಸದ 12-16% ಮಾತ್ರ ವಿವರಿಸಿತು. ಅದರಲ್ಲೂ ಒಡಹುಟ್ಟಿದವರನ್ನು ಒಬ್ಬರಿಗೊಬ್ಬರು ಹೋಲಿಸಿದಾಗ ಬಲ ಗಣನೀಯವಾಗಿ ಕುಗ್ಗುತ್ತದೆ. ಆ ಮಾಹಿತಿಯೆಲ್ಲ ಯುರೋಪಿಯನ್ ಮೂಲದವರದು, ನಮ್ಮ ಮಕ್ಕಳ ಮೇಲೆ ಅದು ಇನ್ನೂ ಕಡಿಮೆ ಕೆಲಸ ಮಾಡುತ್ತದೆ. ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಇದನ್ನು ಬಳಸಬಾರದು ಎಂದು ಅದನ್ನು ಸಿದ್ಧಪಡಿಸಿದ ವಿಜ್ಞಾನಿಗಳೇ ಹೇಳಿದ್ದಾರೆ.