ಸಕ್ಕರೆ ಕಾಯಿಲೆಯ ಬೆಕ್ಕಿಗೆ ಮನೆಯಲ್ಲೇ ಆರೈಕೆ

ರೈತನ ಮನೆಯಲ್ಲಿ ಬೆಕ್ಕಿಗೆ ತನ್ನದೇ ಆದ ಸ್ಥಾನವುಂಟು. ಕಣಜದ ರಾಗಿ, ಮೂಟೆಯಲ್ಲಿಟ್ಟ ಶೇಂಗಾ, ಬಿತ್ತನೆಗೆಂದು ಕಾದಿರಿಸಿದ ಬೀಜ ಇವೆಲ್ಲ ಇಲಿಗಳ ಪಾಲಾಗದಂತೆ ಕಾಯುವ ಪ್ರಾಣಿ ಅದು. ಆದರೂ ಹಸುವಿಗೆ ಜ್ವರ ಬಂದರೆ ಕೂಡಲೇ ವೈದ್ಯರಿಗೆ ಹೇಳಿ ಕಳುಹಿಸುವ ಮನೆಗಳಲ್ಲಿಯೂ ಬೆಕ್ಕು ಸೊರಗಿದಾಗ "ವಯಸ್ಸಾಯಿತು" ಎಂದು ಸುಮ್ಮನಾಗುವುದೇ ಹೆಚ್ಚು. ಹೀಗೆ ಸೊರಗುವ ನಡುವಯಸ್ಸು ದಾಟಿದ ಬೆಕ್ಕುಗಳಲ್ಲಿ ಕೆಲವಕ್ಕೆ ಬಂದಿರುವುದು ಮನುಷ್ಯರಿಗೆ ಬರುವಂಥದೇ ಸಕ್ಕರೆ ಕಾಯಿಲೆ. ಇದಕ್ಕೆ ಚಿಕಿತ್ಸೆಯುಂಟು. ಚಿಕಿತ್ಸೆಯ ಬಹುಭಾಗ ನಡೆಯಬೇಕಾದುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಆದ್ದರಿಂದ ಮನೆಯವರು ಇದರ ಕ್ರಮವನ್ನೂ ಇದರಲ್ಲಿರುವ ಅಪಾಯವನ್ನೂ ಸರಿಯಾಗಿ ತಿಳಿದಿರುವುದು ಅಗತ್ಯ.

ರೋಗ ಬರುವ ಬಗೆ

ಹೊಟ್ಟೆಯಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತದೆ. ರಕ್ತದಲ್ಲಿರುವ ಸಕ್ಕರೆಯು ಮಾಂಸಖಂಡ ಮುಂತಾದ ಭಾಗಗಳ ಜೀವಕೋಶಗಳೊಳಗೆ ಸೇರಿ ಶಕ್ತಿಯಾಗಿ ಬಳಕೆಯಾಗಲು ಈ ರಸ ಬೇಕು. ಇದು ಸಾಲದಾದಾಗ ಅಥವಾ ಇದ್ದೂ ಸರಿಯಾಗಿ ಕೆಲಸ ಮಾಡದಿದ್ದಾಗ ಸಕ್ಕರೆಯು ರಕ್ತದಲ್ಲಿಯೇ ಉಳಿದು ಏರುತ್ತಾ ಹೋಗುತ್ತದೆ. ಕಾಲುವೆ ತುಂಬಿ ಹರಿದರೂ ತೂಬು ತೆರೆಯದಿದ್ದರೆ ಪೈರು ಒಣಗುವಂತೆ, ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಮೈ ಉಪವಾಸ ಬೀಳುತ್ತದೆ.

ಬೆಕ್ಕಿನಲ್ಲಿ ಸಕ್ಕರೆಯ ಪ್ರಮಾಣ ನೂರು ಮಿಲಿಲೀಟರ್ ರಕ್ತಕ್ಕೆ ಸುಮಾರು 250 ರಿಂದ 300 ಮಿಲಿಗ್ರಾಂ ಮೀರಿದಾಗ ಮೂತ್ರಪಿಂಡಗಳು ಅದನ್ನು ತಡೆಹಿಡಿಯಲಾರವು. ಸಕ್ಕರೆಯು ಮೂತ್ರದಲ್ಲಿ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದಲೇ ಮೂತ್ರ ಹೆಚ್ಚುತ್ತದೆ, ಬಾಯಾರಿಕೆ ಹೆಚ್ಚುತ್ತದೆ.

ಏಳೆಂಟು ವರ್ಷ ದಾಟಿದ ಬೆಕ್ಕುಗಳಲ್ಲಿ, ಬೊಜ್ಜು ಬೆಳೆದವುಗಳಲ್ಲಿ, ಅದರಲ್ಲೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಈ ರೋಗ ಹೆಚ್ಚು. ನವೆ, ಉಬ್ಬಸ ಮುಂತಾದವುಗಳಿಗೆ ಸ್ಟೀರಾಯ್ಡ್ ಔಷಧಿಯನ್ನು ಬಹಳ ದಿನ ಕೊಟ್ಟಾಗಲೂ ರೋಗ ಕಾಣಿಸಿಕೊಳ್ಳಬಹುದು. ಅಂಥ ಔಷಧಿ ಕೊಡಿಸಿದ್ದರೆ ವೈದ್ಯರಿಗೆ ಮರೆಯದೆ ತಿಳಿಸಬೇಕು.

ಲಕ್ಷಣಗಳು

ಬೆಕ್ಕು ಪದೇ ಪದೇ ನೀರು ಕುಡಿಯುತ್ತದೆ. ಕೊಟ್ಟಿಗೆಯ ತೊಟ್ಟಿ, ಬಚ್ಚಲು ಎಲ್ಲೆಂದರಲ್ಲಿ ನೀರು ಹುಡುಕುತ್ತದೆ. ಹೆಚ್ಚು ಮೂತ್ರ ಮಾಡುತ್ತದೆ. ಮೊದಮೊದಲು ಹಸಿವು ಹೆಚ್ಚಾಗಿದ್ದು, ಚೆನ್ನಾಗಿ ತಿನ್ನುತ್ತಿದ್ದರೂ ಮೈ ಇಳಿಯುತ್ತದೆ. ಕೂದಲು ಹೊಳಪು ಕಳೆದುಕೊಳ್ಳುತ್ತದೆ. ಮೂತ್ರ ಬಿದ್ದ ಜಾಗಕ್ಕೆ ಇರುವೆ ಮುತ್ತುವುದೂ ಉಂಟು. ರೋಗ ಹಳೆಯದಾದರೆ ಕೆಲವು ಬೆಕ್ಕುಗಳ ಹಿಂಗಾಲಿನ ನರಗಳು ಬಲಗುಂದಿ, ಅವು ಬೆರಳ ಮೇಲೆ ನಡೆಯುವ ಬದಲು ಹಿಮ್ಮಡಿಯನ್ನು ನೆಲಕ್ಕೂರಿ ನಡೆಯುತ್ತವೆ.

ಬಾಯಾರಿಕೆಯನ್ನು ಅಳೆದು ನೋಡಬಹುದು. ಬೆಕ್ಕನ್ನು ಒಂದು ದಿನ ಮನೆಯೊಳಗಿಟ್ಟು, ಬಟ್ಟಲಿಗೆ ಅಳತೆ ಮಾಡಿ ನೀರು ಹಾಕಿ, 24 ಗಂಟೆಗಳ ನಂತರ ಉಳಿದುದನ್ನು ಅಳೆಯಬೇಕು. ದೇಹತೂಕದ ಕಿಲೋ ಒಂದಕ್ಕೆ 100 ಮಿಲಿಲೀಟರಿಗೂ ಹೆಚ್ಚು ಕುಡಿದಿದ್ದರೆ, ಅಂದರೆ 4 ಕಿಲೋ ಬೆಕ್ಕು 400 ಮಿಲಿಲೀಟರಿಗಿಂತ ಹೆಚ್ಚು ಕುಡಿದಿದ್ದರೆ, ಅದು ಖಂಡಿತವಾಗಿಯೂ ರೋಗದ ಸೂಚನೆ. ಆದರೆ ಮೂತ್ರಪಿಂಡದ ಕಾಯಿಲೆಯಲ್ಲಿಯೂ ಬಾಯಾರಿಕೆ ಹೆಚ್ಚುವುದರಿಂದ ಪರೀಕ್ಷೆಯಿಲ್ಲದೆ ತೀರ್ಮಾನಕ್ಕೆ ಬರಕೂಡದು.

ಪರೀಕ್ಷೆ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರದ ಪ್ರಮಾಣ ನಿರ್ಧರಿಸುವುದು ಹೇಗೆ ಸರಿಯಲ್ಲವೋ, ರಕ್ತ ಮತ್ತು ಮೂತ್ರದ ಪರೀಕ್ಷೆ ಮಾಡಿಸದೆ ಇನ್ಸುಲಿನ್ ಕೊಡುವುದೂ ಹಾಗೆಯೇ. ಬೆಕ್ಕಿನ ವಿಷಯದಲ್ಲಿ ಇನ್ನೊಂದು ತೊಡಕುಂಟು. ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತಂದ ಬೆಕ್ಕು ಹೆದರಿದಾಗ, ರೋಗವಿಲ್ಲದಿದ್ದರೂ ಅದರ ರಕ್ತದ ಸಕ್ಕರೆ 300 ರ ಆಸುಪಾಸಿಗೆ ಏರಬಹುದು. ಆದಕಾರಣ ಒಂದೇ ಸಲದ ರಕ್ತ ಪರೀಕ್ಷೆಯನ್ನು ನೆಚ್ಚದೆ, ಮೂತ್ರದಲ್ಲಿ ಸಕ್ಕರೆ ಇದೆಯೇ ಎಂಬುದನ್ನೂ ನೋಡಬೇಕು. ಹಿಂದಿನ ಒಂದೆರಡು ವಾರಗಳ ಸ್ಥಿತಿಯನ್ನು ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯೂ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವಂಥ ಪಶುವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಳಲ್ಲಿ ಬೆಕ್ಕು ನಾಯಿಗಳಿಗೂ ಚಿಕಿತ್ಸೆ ದೊರೆಯುತ್ತದೆ.

ಇನ್ಸುಲಿನ್ ಚಿಕಿತ್ಸೆ

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇನ್ಸುಲಿನ್ ಬಳಕೆಗೆ ದಾರಿಯಾಯಿತು. ಇಂದಿಗೂ ಬೆಕ್ಕಿನ ಸಕ್ಕರೆ ಕಾಯಿಲೆಗೆ ಅದೇ ಮುಖ್ಯ ಔಷಧಿ. ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ಬೆಕ್ಕುಗಳಿಗೆಂದೇ ಬಾಯಿಯ ಮೂಲಕ ಕೊಡುವ ಎರಡು ಔಷಧಿಗಳಿಗೆ ಮಂಜೂರಾತಿ ದೊರೆತಿದೆ. ಆದರೆ ಅವು ಎಲ್ಲ ಬೆಕ್ಕುಗಳಿಗೂ ಹೊಂದುವುದಿಲ್ಲ. ಮನೆಯ ಹಿರಿಯರಿಗೆಂದು ತಂದ ಸಕ್ಕರೆ ಮಾತ್ರೆಯನ್ನು ಬೆಕ್ಕಿಗೆ ಮುರಿದು ಹಾಕುವುದಂತೂ ಸರ್ವಥಾ ಕೂಡದು.

ನಿಧಾನವಾಗಿ ಕೆಲಸ ಮಾಡುವ ಗ್ಲಾರ್ಜಿನ್‌ನಂಥ ಇನ್ಸುಲಿನ್ನನ್ನು 12 ಗಂಟೆಗೊಮ್ಮೆ, ದಿನಕ್ಕೆ ಎರಡು ಸಲ ಚರ್ಮದ ಕೆಳಗೆ ಚುಚ್ಚುವುದು ಸಾಮಾನ್ಯ ಪದ್ಧತಿ. ಬಹುತೇಕ ಬೆಕ್ಕುಗಳಿಗೆ ಪ್ರಾರಂಭದಲ್ಲಿ ಸಲಕ್ಕೆ ಸುಮಾರು 1 ಯೂನಿಟ್ಟು ಸಾಕಾಗುತ್ತದೆ. ಪ್ರಮಾಣವನ್ನು ಹೆಚ್ಚಿಸುವುದೂ ತಗ್ಗಿಸುವುದೂ ವೈದ್ಯರ ಕೆಲಸ. ಮನೆಯವರು ತಾವಾಗಿಯೇ ಏರಿಸಬಾರದು.

ಸಿರಿಂಜಿನ ಲೆಕ್ಕ

ಈ ಚಿಕಿತ್ಸೆಯಲ್ಲಿ ಜೀವಕ್ಕೆ ಎರವಾಗುವ ತಪ್ಪು ಆಗುವುದು ಇಲ್ಲಿಯೇ. ನಮ್ಮ ಅಂಗಡಿಗಳಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ: ಮಿಲಿಲೀಟರಿಗೆ 40 ಯೂನಿಟ್ಟಿನದು ಮತ್ತು 100 ಯೂನಿಟ್ಟಿನದು. ಸಿರಿಂಜುಗಳೂ ಅದಕ್ಕೆ ತಕ್ಕಂತೆ ಬೇರೆ ಬೇರೆ. ಸಾಮಾನ್ಯವಾಗಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ. ಬಣ್ಣವನ್ನಷ್ಟೇ ನೆಚ್ಚದೆ, ಮೇಲೆ ಅಚ್ಚಾದ ಅಂಕಿಯನ್ನು ಓದಿಯೇ ಕೊಳ್ಳಬೇಕು.

ಉದಾಹರಣೆಗೆ, 40ರ ಸಿರಿಂಜಿನಲ್ಲಿ 1 ಯೂನಿಟ್ಟಿನ ಗೆರೆಯವರೆಗೆ ಹಿಡಿಯುವುದು 0.025 ಮಿಲಿಲೀಟರ್. ಅದರಲ್ಲಿ 100ರ ಔಷಧಿಯನ್ನು ಎಳೆದರೆ ಒಳಗೆ ಬರುವುದು 1 ಯೂನಿಟ್ಟಲ್ಲ, 2.5 ಯೂನಿಟ್ಟು. 2 ಯೂನಿಟ್ಟೆಂದು ಎಳೆದರೆ 5 ಯೂನಿಟ್ಟು ಬರುತ್ತದೆ. ನಾಲ್ಕು ಕಿಲೋ ತೂಗುವ ಪ್ರಾಣಿಗೆ ಇದು ಮಾರಕವಾಗಬಹುದು. ಇದಕ್ಕೆ ತದ್ವಿರುದ್ಧವಾಗಿ 40ರ ಔಷಧಿಯನ್ನು 100ರ ಸಿರಿಂಜಿನಲ್ಲಿ 1ರ ಗೆರೆಗೆ ಎಳೆದರೆ 0.4 ಯೂನಿಟ್ಟು ಮಾತ್ರ ಸಿಕ್ಕಿ, ಚಿಕಿತ್ಸೆ ವ್ಯರ್ಥವಾಗುತ್ತದೆ. ಮನೆಯಲ್ಲಿ ಮನುಷ್ಯರಿಗೂ ಇನ್ಸುಲಿನ್ ನಡೆಯುತ್ತಿದ್ದರೆ ಬೆಕ್ಕಿನ ಸೀಸೆ ಮತ್ತು ಸಿರಿಂಜುಗಳನ್ನು ಬೇರೆ ಡಬ್ಬಿಯಲ್ಲಿ ಚೀಟಿ ಅಂಟಿಸಿ ಇಡಬೇಕು.

ಔಷಧಿಯನ್ನು 2 ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಡಬೇಕು. ಹೆಪ್ಪುಗಟ್ಟಿದ ಔಷಧಿಯನ್ನು ಕರಗಿಸಿ ಉಪಯೋಗಿಸಬಾರದು. ಸೀಸೆಯನ್ನು ಜೋರಾಗಿ ಕುಲುಕಬಾರದು. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮೋಡಗಟ್ಟಿದ್ದರೆ ಎಸೆಯಬೇಕು. ಅದಕ್ಕೆ ನೀರನ್ನಾಗಲಿ ಬೇರೆ ಇನ್ಸುಲಿನ್ನನ್ನಾಗಲಿ ಬೆರೆಸಬಾರದು.

ಚುಚ್ಚುವ ಕ್ರಮ

1. ಮೊದಲು ಬೆಕ್ಕಿಗೆ ಆಹಾರವಿಡಬೇಕು. ಅದು ತಿನ್ನುತ್ತಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಔಷಧಿ ಎಳೆಯಬೇಕು.

2. ಸಿರಿಂಜಿನೊಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಳ್ಳಬೇಕು.

3. ಪಕ್ಕೆಯ ಅಥವಾ ಹೆಗಲಿನ ಹಿಂಭಾಗದ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿದು, ಆ ಮಡಿಕೆಯ ಬುಡದಲ್ಲಿ ಸೂಜಿ ತೂರಿಸಬೇಕು. ದಿನವೂ ಜಾಗ ಬದಲಿಸಬೇಕು.

4. ಔಷಧಿ ಕೂದಲ ಮೇಲೆ ಚೆಲ್ಲಿ ಹೋಯಿತೆಂದು ಅನುಮಾನ ಬಂದರೆ ಮತ್ತೊಮ್ಮೆ ಕೊಡಬಾರದು. ಒಂದು ಹೊತ್ತಿನದು ತಪ್ಪಿದರೆ ಮುಂದಿನ ಹೊತ್ತಿಗೆ ಎರಡರಷ್ಟು ಕೊಡಬಾರದು.

5. ಬೆಕ್ಕು ಆಹಾರ ಮುಟ್ಟದಿದ್ದರೆ ಅಥವಾ ವಾಂತಿ ಮಾಡಿದರೆ ವೈದ್ಯರನ್ನು ಕೇಳದೆ ಇನ್ಸುಲಿನ್ ಕೊಡಬಾರದು.

6. ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆಯಬಾರದು. ಗೊಬ್ಬರದೊಡನೆ ಹೊಲ ಸೇರಿ ಕಾಲಿಗೆ ಚುಚ್ಚೀತು. ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸಬೇಕು.

ಆಹಾರ

ಬೆಕ್ಕು ಸ್ವಭಾವತಃ ಮಾಂಸಾಹಾರಿ. ಅದರ ಸಹಜ ಆಹಾರವಾದ ಇಲಿಯಲ್ಲಿ ಸಸಾರಜನಕ ಮತ್ತು ಕೊಬ್ಬು ಹೆಚ್ಚು, ಪಿಷ್ಟ ಅತ್ಯಲ್ಪ. ನಮ್ಮ ಮನೆಗಳಲ್ಲಿ ಹಾಕುವ ಹಾಲು ಅನ್ನ, ಮುದ್ದೆಯ ತುಣುಕು, ಬಿಸ್ಕತ್ತುಗಳಲ್ಲಿ ಪಿಷ್ಟ ಮತ್ತು ಸಕ್ಕರೆಯೇ ಮುಖ್ಯ. ಅಂಗಡಿಯ ಒಣ ಕಾಳಿನಂಥ ಬೆಕ್ಕಿನ ಆಹಾರದಲ್ಲಿಯೂ ಪಿಷ್ಟ ಸಾಕಷ್ಟಿರುತ್ತದೆ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಬೇಯಿಸಿದ ಕೋಳಿಮಾಂಸ, ಮೀನು, ಮೊಟ್ಟೆಗಳು ಉತ್ತಮ. ಬೆಕ್ಕಿಗೆಂದೇ ತಯಾರಿಸಿದ, ಪಿಷ್ಟ ಕಡಿಮೆಯಿರುವ ಡಬ್ಬಿ ಆಹಾರವೂ ಆದೀತು. ಮೂಳೆಯಿಲ್ಲದ ಮಾಂಸವನ್ನಷ್ಟೇ ಹಾಕುತ್ತಿದ್ದರೆ ಸುಣ್ಣದ ಅಂಶ ಮುಂತಾದವು ಕೊರೆಯಾಗುವುದರಿಂದ ಪೂರಕ ಲವಣ ಮತ್ತು ಜೀವಸತ್ವಗಳ ಬಗ್ಗೆ ವೈದ್ಯರನ್ನು ಕೇಳಬೇಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಿನ ತುಂಡುಗಳು ಬೆಕ್ಕಿನ ರಕ್ತಕಣಗಳಿಗೆ ವಿಷ, ಅವನ್ನು ಕೊಡಬಾರದು.

ಇಲ್ಲೊಂದು ಎಚ್ಚರಿಕೆ. ಇನ್ಸುಲಿನ್ ನಡೆಯುತ್ತಿರುವಾಗ ಅನ್ನವನ್ನು ಒಮ್ಮೆಲೇ ನಿಲ್ಲಿಸಿ ಮಾಂಸಕ್ಕೆ ಬದಲಾಯಿಸಿದರೆ ಇನ್ಸುಲಿನ್ನಿನ ಅವಶ್ಯಕತೆ ಕಡಿಮೆಯಾಗಿ, ಹಳೆಯ ಪ್ರಮಾಣವೇ ಅತಿಯಾಗಬಹುದು. ಆಹಾರ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ ಹಂತ ಹಂತವಾಗಿ ಮಾಡಬೇಕು. ಬೊಜ್ಜಿನ ಬೆಕ್ಕಿನ ತೂಕವನ್ನು ವಾರಕ್ಕೆ ನೂರಕ್ಕೆ ಒಂದರಂತೆ ನಿಧಾನವಾಗಿ ಇಳಿಸಬೇಕು. ಉಪವಾಸ ಕೆಡವಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವಾಗುತ್ತದೆ.

ಸಕ್ಕರೆ ಅತಿಯಾಗಿ ಇಳಿದರೆ

ಸಕ್ಕರೆ ಒಂದು ದಿನ ಹೆಚ್ಚಿದ್ದರೆ ಸಾಮಾನ್ಯವಾಗಿ ಬೆಕ್ಕು ತಾಳಿಕೊಳ್ಳುತ್ತದೆ. ಆದರೆ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ 60 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಈ ಒಂದು ವಿಷಯವನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು. ನಿಶ್ಶಕ್ತಿ, ತೂರಾಡುವ ನಡಿಗೆ, ನಡುಕ, ಕಣ್ಣು ಕಾಣದಂತೆ ಅಲೆಯುವುದು, ಕೊನೆಗೆ ಸೆಳವು ಇವು ಅದರ ಚಿಹ್ನೆಗಳು.

ಎಚ್ಚರವಿದ್ದು ನುಂಗಬಲ್ಲ ಬೆಕ್ಕಿಗೆ ತಕ್ಷಣ ಆಹಾರ ಕೊಡಬೇಕು. ತಿನ್ನಲಾರದಿದ್ದರೆ ಜೇನುತುಪ್ಪ, ಗ್ಲೂಕೋಸ್ ಅಥವಾ ಸಕ್ಕರೆಯ ಗಟ್ಟಿ ಪಾಕವನ್ನು ವಸಡಿಗೆ ಸವರಬೇಕು. ಸೆಳವು ಬಂದಾಗ ಬಾಯೊಳಗೆ ಏನನ್ನೂ ಸುರಿಯಬಾರದು, ಬೆರಳನ್ನೂ ಹಾಕಬಾರದು. ಚೇತರಿಸಿಕೊಂಡಂತೆ ಕಂಡರೂ ಇನ್ಸುಲಿನ್ನಿನ ಪ್ರಭಾವ ಇನ್ನೂ ಇರುವುದರಿಂದ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬೇಟೆಗೆ ಹೊರಟ ಬೆಕ್ಕು ಹೊಲದಲ್ಲಿ ಹೀಗೆ ಬಿದ್ದರೆ ಯಾರ ಕಣ್ಣಿಗೂ ಬೀಳದು. ಆದುದರಿಂದ ಚುಚ್ಚುಮದ್ದು ಪ್ರಾರಂಭಿಸಿದ ಮೇಲೆ ಅದನ್ನು ಮನೆಯೊಳಗೇ ಇಡುವುದು ಕ್ಷೇಮ.

ಇದಕ್ಕೆ ವಿರುದ್ಧವಾಗಿ ಇನ್ಸುಲಿನ್ ಸಾಲದೆ ಹೋದಾಗ ಬೆಕ್ಕು ಆಹಾರ ಬಿಟ್ಟು, ವಾಂತಿ ಮಾಡಿ, ಮಂಕಾಗಿ ಮಲಗಬಹುದು. ಉಸಿರಿನಲ್ಲಿ ವಿಚಿತ್ರ ವಾಸನೆಯೂ ಬರಬಹುದು. ಇದು ರಕ್ತದಲ್ಲಿ ಆಮ್ಲಾಂಶ ಹೆಚ್ಚಿದ ಸ್ಥಿತಿ. ಮನೆಯಲ್ಲಿ ಕಾಯದೆ ಅಂದೇ ಆಸ್ಪತ್ರೆಗೆ ಸೇರಿಸಬೇಕು.

ದಾಖಲೆ ಪುಸ್ತಕ

ಹಾಲಿನ ಲೆಕ್ಕ ಬರೆದಿಡುವಂತೆ ಬೆಕ್ಕಿಗೂ ಒಂದು ಚಿಕ್ಕ ಪುಸ್ತಕವಿರಲಿ. ದಿನವೂ ತಿಂದ ಆಹಾರ, ಕುಡಿದ ನೀರು, ಚುಚ್ಚಿದ ಹೊತ್ತು ಮತ್ತು ಪ್ರಮಾಣ, ಚುಚ್ಚಿದವರ ಹೆಸರು ಬರೆಯಬೇಕು. ತಂದೆ ಕೊಟ್ಟುದನ್ನು ಅರಿಯದೆ ಮಗ ಮತ್ತೊಮ್ಮೆ ಕೊಡುವ ಅಚಾತುರ್ಯ ಇದರಿಂದ ತಪ್ಪುತ್ತದೆ. ವಾರಕ್ಕೊಮ್ಮೆ ತೂಕ ನೋಡಬೇಕು. ಕಲಿತವರು ಕಿವಿಯಂಚಿನಿಂದ ಒಂದು ತೊಟ್ಟು ರಕ್ತ ತೆಗೆದು ಮನೆಯಲ್ಲೇ ಸಕ್ಕರೆ ಅಳೆಯಬಹುದು. ಮನುಷ್ಯರಿಗಾಗಿ ಮಾಡಿದ ಯಂತ್ರವು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆಂಬುದು ನೆನಪಿರಲಿ. ದಿನವಿಡೀ ಸಕ್ಕರೆ 80 ಕ್ಕಿಂತ ಇಳಿಯದೆ, 300 ನ್ನು ಮೀರದೆ ಇದ್ದು, ಬಾಯಾರಿಕೆ ತಗ್ಗಿ ತೂಕ ನಿಂತರೆ ಚಿಕಿತ್ಸೆ ಸರಿಯಾಗಿದೆ ಎಂದೇ ಅರ್ಥ.

ರೋಗವನ್ನು ಬೇಗ ಗುರುತಿಸಿ, ಇನ್ಸುಲಿನ್ ಮತ್ತು ಪಿಷ್ಟ ಕಡಿಮೆಯಿರುವ ಆಹಾರವನ್ನು ತಪ್ಪದೆ ನಡೆಸಿದರೆ ಕೆಲವು ಬೆಕ್ಕುಗಳಲ್ಲಿ ಕೆಲವು ತಿಂಗಳೊಳಗೆ ಇನ್ಸುಲಿನ್ನಿನ ಅಗತ್ಯವೇ ಇಲ್ಲವಾಗುವುದುಂಟು. ಆಗಲೂ ಆಹಾರದ ಪಥ್ಯ ಬಿಡಬಾರದು, ರೋಗ ಮರಳಬಹುದು. ಮಿಕ್ಕವು ದಿನಕ್ಕೆ ಎರಡು ಚುಚ್ಚುಮದ್ದಿನಿಂದ ಹಲವು ವರ್ಷ ನೆಮ್ಮದಿಯಾಗಿ ಬಾಳಬಲ್ಲವು. ಇದಕ್ಕೆ ಮನೆಯವರು ಪಾಲಿಸಬೇಕಾದುದು ಇಷ್ಟೆ: ಹೊತ್ತು ತಪ್ಪಿಸಬಾರದು, ಸಿರಿಂಜಿನ ಅಂಕಿ ಓದದೆ ಔಷಧಿ ಎಳೆಯಬಾರದು, ಸಂದೇಹ ಬಂದಾಗ ಹೆಚ್ಚು ಕೊಡಬಾರದು.