ಒಬ್ಬ ಪಾತುಮ್ಮ, ನಾಲ್ಕು ಫೈಲು

ಕೆ.ಆರ್. ಪೇಟೆ ತಾಲೂಕಿನ ಸಂತೆಬಾಚಹಳ್ಳಿ ಕರಾವಳಿಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಶಿರಾಡಿ ಹತ್ತಿ, ಹಾಸನ, ಚನ್ನರಾಯಪಟ್ಟಣ ದಾಟಿ ಹೋದರೆ ಸಿಗುವ ಹೋಬಳಿ ಊರು. ನಮ್ಮ ಸಂಬಂಧದ ಮಾಮಿಯೊಬ್ಬರ ಮಗನಿಗೆ ಅಲ್ಲಿ ಅಂಗಡಿ. ಹಾಗಾಗಿ ಮಾಮಿ ವರ್ಷದ ಅರ್ಧ ಘಟ್ಟದ ಮೇಲೆ, ಅರ್ಧ ಊರಲ್ಲಿ. ಶುಗರ್, ಬಿಪಿ ಎರಡೂ ಇದೆ.

ಈಚೆಗೆ ಜ್ವರ ಬಂದಾಗ ಅವರನ್ನು ಇಲ್ಲಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. "ಹಿಂದಿನ ರಿಪೋರ್ಟ್ ಎಲ್ಲಿ?" ಅಂದರು ಡಾಕ್ಟ್ರು. ಮಾಮಿ ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಒಂದರಲ್ಲಿ ಪಾತುಮ್ಮ, ಒಂದರಲ್ಲಿ ಫಾತಿಮಾ, ಇನ್ನೊಂದರಲ್ಲಿ ಫಾತಿಮತ್, ಮತ್ತೊಂದರಲ್ಲಿ ಗಂಡನ ಹೆಸರು ಸೇರಿಸಿ ಬೇರೆಯೇ ಏನೋ. ವಯಸ್ಸು 58ರಿಂದ 66ರವರೆಗೆ. ಆ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಅವರಿಗೆ ಎರಡು ನಂಬರ್ ಇತ್ತು. ಒಂದು ಇಂಜೆಕ್ಷನ್ ಇವರಿಗೆ ಆಗುವುದಿಲ್ಲ ಎಂದು ಯಾರೋ ಕೆಂಪು ಶಾಯಿಯಲ್ಲಿ ಬರೆದದ್ದು ಎರಡನೇ ಹೆಸರಿನ ಚೀಟಿಯಲ್ಲಿ. ಚೀಲ ಮನೆಯಲ್ಲೇ ಬಿಟ್ಟು ಹೋಗಿದ್ದರೆ? ಅದನ್ನು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

'ಬಿಗ್ ಡೇಟಾ' ಎಂಬ ಮಾತು ಈಗ ಆಸ್ಪತ್ರೆಗಳಲ್ಲೂ ಕೇಳುತ್ತದೆ. ಲಕ್ಷಾಂತರ ರೋಗಿಗಳ ಮಾಹಿತಿ ಒಟ್ಟಿಗೆ ನೋಡಿದರೆ ಯಾವ ಊರಲ್ಲಿ ಶುಗರ್ ಏರುತ್ತಿದೆ, ಯಾವ ತಿಂಗಳು ಡೆಂಗಿ, ಎಲ್ಲಿಗೆ ಎಷ್ಟು ಮದ್ದು ಕಳಿಸಬೇಕು ಎಂದು ಮೊದಲೇ ತಿಳಿಯಬಹುದು. ಒಳ್ಳೆಯದೇ. ಆದರೆ ಒಬ್ಬ ಪಾತುಮ್ಮ ನಾಲ್ಕು ಜನ ಆದರೆ ಆ ಲೆಕ್ಕಕ್ಕೆ ಏನು ಅರ್ಥ? ನಮ್ಮ ಮನೆಗಳಲ್ಲಂತೂ ಮೊಹಮ್ಮದ್, ಮುಹಮ್ಮದ್, ಬರೀ 'ಎಂ.ಡಿ.' ಎಲ್ಲವೂ ಒಬ್ಬರೇ. ಹಿರಿಯರಲ್ಲಿ ಅನೇಕರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಕಂಪ್ಯೂಟರ್ ಪಾಪ, ಯಾರನ್ನು ಯಾರೆಂದು ಗುರುತಿಸಬೇಕು!

ತಪ್ಪು ನಮ್ಮದು ಮಾತ್ರ ಅಲ್ಲ. ಹೋಬಳಿ ಮಟ್ಟದ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಮೊದಲು ರಿಜಿಸ್ಟರಿನಲ್ಲಿ ಬರೆಯಬೇಕು, ಆಮೇಲೆ ಕಂಪ್ಯೂಟರಿಗೆ ತುಂಬಿಸಬೇಕು. ಟಿಬಿಗೆ 'ನಿಕ್ಷಯ್', ತಾಯಿ-ಮಗುವಿಗೆ ಇನ್ನೊಂದು, ಶುಗರ್-ಬಿಪಿಗೆ ಮತ್ತೊಂದು. ಹೊರಗೆ ರೋಗಿಗಳ ಸಾಲು, ಒಳಗೆ ನೆಟ್‌ವರ್ಕ್ ಇಲ್ಲ. ಅವಸರದಲ್ಲಿ ಹೆಸರು ಹೇಗೆ ಬಂತೋ ಹಾಗೆ. ಖಾಸಗಿ ಆಸ್ಪತ್ರೆಗಳದ್ದು ಒಬ್ಬೊಬ್ಬರದ್ದು ಒಂದೊಂದು ಸಾಫ್ಟ್‌ವೇರ್. ಒಂದರ ಮಾಹಿತಿ ಇನ್ನೊಂದು ಓದುವುದು ಕಷ್ಟ.

ಇದನ್ನು ಜೋಡಿಸಲೆಂದೇ ಕೇಂದ್ರ ಸರಕಾರ 2021ರ ಸೆಪ್ಟಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭಿಸಿತು. ಅದರಲ್ಲಿ ಪ್ರತಿಯೊಬ್ಬರಿಗೂ 14 ಅಂಕೆಯ 'ಆಭಾ' ನಂಬರ್. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ನಾವು ಒಪ್ಪಿದರೆ ಇನ್ನೊಬ್ಬ ಡಾಕ್ಟರ್ ನೋಡಬಹುದು. ಇಲ್ಲಿ ದೊಡ್ಡ ಗೊಂದಲವೊಂದಿದೆ. ಆಭಾ ಎಂದರೆ ಐದು ಲಕ್ಷದ ಆಯುಷ್ಮಾನ್ ಕಾರ್ಡ್ ಅಲ್ಲ. ಅದರಿಂದ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ಕಡ್ಡಾಯವೂ ಅಲ್ಲ. ಕೌಂಟರಿನಲ್ಲಿ "ಒಟಿಪಿ ಹೇಳಿ" ಎಂದಾಗ ಯಾಕೆ ಎಂದು ಕೇಳದೆ ಹೇಳಿಬಿಡುವ ಅಭ್ಯಾಸ ನಮ್ಮದು. ಆ ಒಟಿಪಿಯೇ ನಮ್ಮ ಒಪ್ಪಿಗೆ ಆಗಿರಬಹುದು.

ಹೆದರಿಕೆಗೂ ಕಾರಣ ಇದೆ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರ್ ಮೇಲೆ ಸೈಬರ್ ದಾಳಿ ಆಗಿ, ಹಲವು ದಿನ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ದೇಶದ ಅಷ್ಟು ದೊಡ್ಡ ಆಸ್ಪತ್ರೆಯ ಗತಿ ಹೀಗಾದರೆ ಸಣ್ಣವರ ಪಾಡೇನು? 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾನೂನೇನೋ ಬಂದಿದೆ. ಆದರೆ ಹುಡುಗಿಗೆ ಫಿಟ್ಸ್ ಇತ್ತಂತೆ ಎಂಬ ಮಾತು ಲ್ಯಾಬಿನಿಂದ ಹೊರಬಿದ್ದು ನಿಶ್ಚಯವಾದ ಮದುವೆ ಮುರಿದರೆ, ಅದನ್ನು ಯಾವ ಕಾನೂನು ಕೂಡಿಸಿ ಕೊಡುತ್ತದೆ? ಹೆಂಗಸರು ಕಾಯಿಲೆ ಮುಚ್ಚಿಡುವುದು ಸುಮ್ಮನೆ ಅಲ್ಲ. ಅವರು ನಂಬುವಂತೆ ನಡೆದುಕೊಳ್ಳುವುದು ಆಸ್ಪತ್ರೆಯವರ ಕೆಲಸ. ಅದಕ್ಕೆ ಸಾಫ್ಟ್‌ವೇರ್ ಇಲ್ಲ.

ಜ್ವರ ಬಿಟ್ಟ ಮೇಲೆ ನಾವು ಮಾಮಿಯ ಚೀಟಿಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ ಮೊಬೈಲಿನಲ್ಲಿ ಫೋಟೋ ತೆಗೆದೆವು. ಆಗದ ಇಂಜೆಕ್ಷನಿನ ಹೆಸರು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಚೀಲದ ಮೇಲೆಯೇ ಇಟ್ಟೆವು. ಇನ್ನು ಮೇಲೆ ಎಲ್ಲಿ ಹೋದರೂ ಆಧಾರ್‌ನಲ್ಲಿರುವ ಹೆಸರನ್ನೇ ಹೇಳಬೇಕು ಎಂದೆವು.

"ಅದರಲ್ಲಿ ಯಾವ ಹೆಸರಿದೆ?" ಎಂದು ಮಾಮಿ ಕೇಳಿದರು.