ಬಸುರಿ ಮೀನು ತಿನ್ನಬೇಕೋ, ಬ್ಯಾಡೋ?

ಮೊನ್ನೆ ಬೈಲಹೊಂಗಲದಿಂದ ಸವದತ್ತಿಗೆ ಹೊರಟ ಬಸ್ಸು. ಮುಂದಿನ ಸೀಟಿನಲ್ಲಿ ಅತ್ತೆ-ಸೊಸೆ. ಸೊಸೆ ತುಂಬಿದ ಬಸುರಿ, ಕೈಯಲ್ಲಿ ಮೀನಿನ ಚೀಲ. ಅತ್ತೆ ಗದರಿದಳು: "ಮೀನಾಗ ಪಾದರಸ ಇರತೈತಂತ. ಹೊಟ್ಯಾಗಿನ ಕೂಸು ಮಂದ ಆಗತೈತಿ. ಒಗದ ಬಿಡ ಅದನ್ನ!" ಸೊಸೆ ಮಾತಾಡಲಿಲ್ಲ. ಚೀಲವನ್ನು ಕಾಲ ಕೆಳಗೆ ಸರಿಸಿದಳು.

ಅತ್ತೆಯ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. ಪೂರ್ತಿ ಖರೇನೂ ಅಲ್ಲ.

ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಒಂದು ವಿಚಿತ್ರ ರೋಗ ಬಯಲಿಗೆ ಬಂತು. ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿಗೆ ಸೇರಿತು, ಮೀನಿನಿಂದ ಮನುಷ್ಯರಿಗೆ ಸೇರಿತು. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದ ತಾಯಂದಿರಿಗೂ ನಡೆಯಲಾರದ, ಮಾತು ಬಾರದ ಮಕ್ಕಳು ಹುಟ್ಟಿದರು. ನಮ್ಮ ಕಾರವಾರವೂ ಇದರಿಂದ ದೂರ ಉಳಿಯಲಿಲ್ಲ. ಅಲ್ಲಿನ ಕಾಸ್ಟಿಕ್ ಸೋಡಾ ಕಾರ್ಖಾನೆಯ ಹತ್ತಿರದ ಸಮುದ್ರದಲ್ಲಿ ಪಾದರಸದ ಜಾಡು ಹಿಡಿದ ವಿಜ್ಞಾನಿಗಳ ವರದಿ 1990ರಲ್ಲಿ ಅಚ್ಚಾಯಿತು. ಪಾದರಸ ಬಳಸುವ ಆ ಹಳೇ ಪದ್ಧತಿಯನ್ನು ದೇಶದ ಇಂಥ ಕಾರ್ಖಾನೆಗಳು ಈಗ ಬಹುತೇಕ ಕೈಬಿಟ್ಟಿವೆ.

ಬಡ್ಡಿ ಮೇಲೆ ಬಡ್ಡಿ

ನೀರಿನ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸ ಎಂಬ ವಿಷವಾಗಿ ಮಾಡುತ್ತವೆ. ಸಣ್ಣ ಮೀನಿನಲ್ಲಿ ಅದು ಚೂರೇ ಚೂರು. ಆ ಸಣ್ಣವನ್ನು ನೂರಾರು ನುಂಗಿ ವರ್ಷಗಟ್ಟಲೆ ಬದುಕಿದ ದೊಡ್ಡ ಮೀನಿನಲ್ಲಿ ಅದರ ಗಂಟೇ ಇರುತ್ತದೆ. ಅಂಗಡಿಕಾರರಿಗೆ ಹೇಳಬೇಕೇ, ಸಾಲದ ಬಡ್ಡಿ ಬೆಳೆದಂತೆ! ವಿಷ ಮಾಂಸದೊಳಗೇ ಬೆಸೆದಿರುವುದರಿಂದ ತೊಳೆದರೂ ಹೋಗದು, ಕುದಿಸಿದರೂ ಹೋಗದು. ತಾಯಿಯ ರಕ್ತದಿಂದ ಅದು ಕೂಸಿಗೆ ದಾಟುತ್ತದೆ. ತಾಯಿಯ ರಕ್ತಕ್ಕಿಂತ ಹೊಕ್ಕುಳಬಳ್ಳಿಯ ರಕ್ತದಲ್ಲೇ ಅದು ಹೆಚ್ಚು.

ಎರಡು ದ್ವೀಪಗಳ ಕತೆ

ಫ್ಯಾರೋ ದ್ವೀಪದ ಜನ ತಿಮಿಂಗಿಲದ ಮಾಂಸ ತಿನ್ನುವವರು. ಅಲ್ಲಿ 1986-87ರಲ್ಲಿ ಹುಟ್ಟಿದ ಮಕ್ಕಳನ್ನು ಏಳನೇ ವಯಸ್ಸಿನಲ್ಲಿ ಪರೀಕ್ಷಿಸಿದರು. ಪಾದರಸ ಹೆಚ್ಚು ತಗುಲಿದ್ದವರು ಮಾತು, ಲಕ್ಷ್ಯ, ನೆನಪಿನಲ್ಲಿ ತುಸು ಹಿಂದಿದ್ದರು. ಸೆಶೆಲ್ಸ್ ದ್ವೀಪದ ತಾಯಂದಿರೂ ಮೇಲಿಂದ ಮೇಲೆ ಸಮುದ್ರದ ಮೀನು ತಿನ್ನುವವರೇ. ಅವರ ಮಕ್ಕಳಲ್ಲಿ ಅಂಥ ಸ್ಪಷ್ಟ ಹಾನಿ ಕಾಣಲಿಲ್ಲ. ಮೀನಿನ ಎಣ್ಣೆಯಂಶ, ಅಯೋಡಿನ್, ಪ್ರೋಟೀನು ಕೂಸಿನ ಮಿದುಳಿಗೆ ಗೊಬ್ಬರವಿದ್ದಂತೆ; ಅದೂ ಇದಕ್ಕೆ ಒಂದು ಕಾರಣವಿರಬಹುದು. ವಿಷಕ್ಕೆ ಹೆದರಿ ಮೀನನ್ನೇ ಬಿಟ್ಟರೆ ಇದೂ ಹೋಯಿತು!

ಹಾಗಾದರೆ ಕಿತ್ತೂರು, ರಾಮದುರ್ಗದ ಸಂತೆಯಲ್ಲಿ ಏನು ಕೊಳ್ಳಬೇಕು? ನವಿಲುತೀರ್ಥದ ಡ್ಯಾಮಿನ ಕಟ್ಲಾ, ರೋಹು ಬೇರೆ ಮೀನು ಬೇಟೆಯಾಡುವ ಜಾತಿಯಲ್ಲ. ಕರಾವಳಿಯ ತಾರ್ಲಿ, ಬಾಂಗಡಾ ಸಣ್ಣವು. ಇಂಥವನ್ನು ಬಸುರಿಯರು ವಾರಕ್ಕೆ ಎರಡು-ಮೂರು ಸಲ, ಒಟ್ಟು 225ರಿಂದ 340 ಗ್ರಾಂ ತಿನ್ನಬಹುದೆಂದು ಅಮೆರಿಕದ ಸರಕಾರವೇ ಹೇಳುತ್ತದೆ. ಬಿಡಬೇಕಾದ್ದು ಮೋರಿ ಎಂಬ ಶಾರ್ಕು, ದೊಡ್ಡ ಸುರಮಯಿ, ದೊಡ್ಡ ಟ್ಯೂನಾ.

ಸವದತ್ತಿ ಬಂತು. ಸೊಸೆ ಚೀಲ ಎತ್ತಿದಾಗ ಇಣುಕಿದೆ. ಅಂಗೈ ಉದ್ದದ ಬಾಂಗಡಾ! ತಡೆಯಲಾರದೆ ಅಂದೆ: "ಯವ್ವಾ, ಇದು ಒಗಿಯೂ ಮೀನಲ್ರಿ. ಸೊಸಿಗೆ ಮಾಡಿ ಹಾಕ್ರಿ."

ಅತ್ತೆ ನನ್ನನ್ನೊಮ್ಮೆ ನೋಡಿ, ಚೀಲ ತಾನೇ ಇಸಗೊಂಡು ಇಳಿದಳು.